ಹುಂಜದ ಮೇವಿನ ಚೀಲ

ಸೊಹಾಗ್ ಊರಿನ ನಮ್ಮ ಮನೆಯಲ್ಲಿ ಉಳಿದವರು ನಾನು, ಅತ್ತೆ ಇಬ್ಬರೇ. ಸತ್ತ ನನ್ನ ಗಂಡ ಶಹಾತಾ ಸಾಕಿದ್ದ ಹುಂಜಕ್ಕೆ ಕಾಯಿಲೆ ಬಂತು. ನಾನು ಕುಡಿಸಿದ ಹನಿ ನೀರೂ ಕೊಕ್ಕಿನಿಂದ ಹೊರಗೆ ಬರುತ್ತಿತ್ತು. ಅದರ ಮೈ ಕಲ್ಲಿನಂತೆ ತಣ್ಣಗಿತ್ತು. ಆದರೂ ಕೊರಳ ಕೆಳಗಿನ ಮೇವಿನ ಚೀಲ ದಿನದಿನಕ್ಕೆ ಉಬ್ಬುತ್ತಿತ್ತು.

“ಗಂಡನ್ನೇ ಉಳಿಸಿಕೊಳ್ಳದವಳು ಹುಂಜ ಉಳಿಸ್ತಾಳಂತೆ!” ಎಂದರು ಅತ್ತೆ. “ತಾನಾಗೇ ಸತ್ರೆ ಹರಾಮು, ತಿನ್ನಂಗಿಲ್ಲ. ಈಗ್ಲೇ ಕೊಯ್ತೀನಿ, ಅದರ ಕಾಲು ಹಿಡ್ಕೊಳ್ಳೇ.”

“ಇವತ್ತೊಂದಿನ ಬಿಡಿ, ಅತ್ತೆ. ಅವರದ್ದು ಅಂತ ಇರೋದು ಇದೊಂದೇ.”

“ನಿನ್ನ ಕಣ್ಣೀರಲ್ಲಿ ಸಾರು ಕುದಿಯಲ್ಲ.”

ನಾನು ಹಿಡಿದುಕೊಂಡೆ. ಅವರು ಬಿಸ್ಮಿಲ್ಲಾ ಎಂದು ಕೊಯ್ದರು. ಹರಿದ ರಕ್ತವೂ ತಣ್ಣಗಿತ್ತು.

ಚೀಲ ಸೀಳಿದಾಗ ಸೋಂಪು ಬೆರೆಸಿ ಅಗಿದ ರೊಟ್ಟಿ ಹಬೆಯಾಡುತ್ತಿತ್ತು. ಹಾಗೆ ಅಗಿದು ಅದಕ್ಕೆ ಉಣಿಸುತ್ತಿದ್ದವನು ಶಹಾತಾ ಒಬ್ಬನೇ. ಅತ್ತೆ ಅದನ್ನು ಮೂಸಿ, ಮಗನ ಹೆಸರು ಹಿಡಿದು ಮೆಲ್ಲಗೆ ಕರೆದರು. ಆಮೇಲೆ ಒಲೆ ಹಚ್ಚಿದರು.