ಬಾಗಿಲುವಾಡದ ಸೀಮೆಸುಣ್ಣ

ನವೆಂಬರ್ 16, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಕೌಂಟಿಯ ಶೆರಿಫ್ ಕಚೇರಿಗೆ ಕಳ್ಳತನದ ದೂರೊಂದು ಬಂತು. ಕೊಟ್ಟವನು ಟಾರ್ನ್ ರಿಜ್ ಕಲ್ಲಿದ್ದಲು ಕಂಪನಿಯ ವ್ಯವಸ್ಥಾಪಕ ಗ್ರೇಡಿ ವಿಟ್. ಕಂಪನಿಯ ಎರಡನೇ ಗಣಿ ಜೂನ್‌ನಿಂದ ಮುಚ್ಚಿತ್ತು. ಸುರಂಗದ ಬಾಯಿಯ ಪಕ್ಕದಲ್ಲಿರುವ ರಕ್ಷಣಾ ಕೊಠಡಿಯ ಬೀಗ ಒಡೆದು ಯಾರೋ ಆರು ಆಮ್ಲಜನಕದ ಸಿಲಿಂಡರುಗಳನ್ನೂ ಮೂಗಿಗೆ ಸಿಕ್ಕಿಸುವ ಕೊಳವೆಗಳನ್ನೂ ಒಯ್ದಿದ್ದರು. ಅಲ್ಲೇ ಬಿದ್ದಿದ್ದ ತಾಮ್ರದ ಕೇಬಲ್ಲಿನ ಸುರುಳಿಯನ್ನು ಮುಟ್ಟಿರಲಿಲ್ಲ.

ತನಿಖಾಧಿಕಾರಿ ರೋವೆನಾ ಫ್ಯೂಗೇಟ್ ದೂರನ್ನು ಎರಡು ಸಲ ಓದಿದಳು. ಈ ಗುಡ್ಡಗಳಲ್ಲಿ ತಾಮ್ರ ಬಿಟ್ಟುಹೋಗುವ ಕಳ್ಳನನ್ನು ಅವಳು ಕಂಡಿರಲಿಲ್ಲ.

"ವೆಲ್ಡಿಂಗ್ ಮಾಡೋರು ಇರ್ಬೇಕು ಮೇಡಂ," ಎಂದ ಡೆಪ್ಯುಟಿ ಟ್ರಾವಿಸ್ ಸ್ಲೋನ್.

"ವೆಲ್ಡಿಂಗಿಗೆ ಮೂಗಿನ ಕೊಳವೆ ಯಾಕೆ?"

ಟ್ರಾವಿಸ್ ಜೀಪಿನ ಕೀಲಿ ಹುಡುಕತೊಡಗಿದ.

ಹತ್ತು ಗಂಟೆಗೆ ಸ್ಥಳ ಮಹಜರು ಆರಂಭವಾಯಿತು. ಬೀಗವನ್ನು ಕಬ್ಬಿಣದ ಸಲಾಕೆಯಿಂದ ಮೀಟಿದ್ದರು. ಒಳಗೆ ಏನೂ ಚೆಲ್ಲಾಪಿಲ್ಲಿಯಾಗಿರಲಿಲ್ಲ. ಸಿಲಿಂಡರುಗಳನ್ನು ನಿಲ್ಲಿಸಿದ್ದ ಚೌಕಟ್ಟಿನ ಸರಪಳಿಯನ್ನು ಬಿಚ್ಚಿ, ಮತ್ತೆ ಸರಿಯಾಗಿ ಕೊಕ್ಕೆಗೆ ಹಾಕಿಟ್ಟಿದ್ದರು. ಗಣಿ ಮುಚ್ಚಿದ್ದರೂ ಈ ಸಾಮಾನು ಇಡಲೇಬೇಕಾದ ನಿಯಮವಿದೆ, ತಪಾಸಣೆಯವರು ಬಂದರೆ ತಮಗೆ ದಂಡ ಬೀಳುತ್ತದೆ ಎಂದು ವಿಟ್ ಮೂರು ಸಲ ಹೇಳಿದ. ಅವನು ಲೆಕ್ಸಿಂಗ್ಟನ್ನಿನ ಕಚೇರಿಯಿಂದ ಈ ವರ್ಷ ಬಂದವನು. ತಲೆಯ ಮೇಲಿನ ಬಿಳಿ ಶಿರಸ್ತ್ರಾಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ರೋವೆನಾ ಕೈದೀಪವನ್ನು ಬಾಗಿಲ ಒಳಮಗ್ಗುಲಿಗೆ ಹಿಡಿದಳು. ಬಾಗಿಲುವಾಡದ ಮೇಲೆ, ಎತ್ತರದ ಮನುಷ್ಯನ ಕಣ್ಣಿನ ಮಟ್ಟದಲ್ಲಿ ಸೀಮೆಸುಣ್ಣದ ಬರಹವಿತ್ತು: ಎಚ್.ಎಸ್. ಕೆಳಗೆ ಶನಿವಾರದ ತಾರೀಖು, ಬೆಳಗಿನ ಜಾವದ ಒಂದು ಹೊತ್ತು.

"ಹುಡುಗರು ಗೀಚಿರ್ತಾರೆ," ಎಂದ ಟ್ರಾವಿಸ್.

"ಫೋಟೋ ತಗೋ."

ವಿಟ್ ಕಾರಿನತ್ತ ಹೋದ ಮೇಲೆ ಅವಳು ಟ್ರಾವಿಸನಿಗೆ ವಿವರಿಸಿದಳು. ಪಾಳಿಯವರು ಇಳಿಯುವ ಮುಂಚೆ ಫೈರ್ ಬಾಸ್ ಒಬ್ಬನೇ ಸುರಂಗಕ್ಕೆ ಹೋಗುತ್ತಾನೆ. ಪ್ರತಿ ಜಾಗದಲ್ಲೂ ಗಾಳಿಯಲ್ಲಿ ಅಪಾಯದ ಅನಿಲ ಇದೆಯೇ ಎಂದು ಪರೀಕ್ಷಿಸುತ್ತಾನೆ, ಚಾವಣಿ ತಟ್ಟಿ ನೋಡುತ್ತಾನೆ. ಸರಿಯಿದ್ದರೆ ತನ್ನ ಹೆಸರಿನ ಅಕ್ಷರ, ತಾರೀಖು, ಹೊತ್ತು ಬರೆಯುತ್ತಾನೆ. ಅದನ್ನು ನೋಡಿದ ಮೇಲೆಯೇ ಉಳಿದವರು ಕಾಲಿಡುವುದು. ಸರಿಯಿಲ್ಲದಿದ್ದರೆ 'ಅಪಾಯ' ಎಂದು ಬರೆಯುತ್ತಾನೆ. ಮಾಲೀಕ ಅದನ್ನು ಸರಿಪಡಿಸುವ ತನಕ ಅತ್ತ ಯಾರೂ ಹೋಗುವಂತಿಲ್ಲ. ರೋವೆನಾಳ ಅಪ್ಪ ಇಪ್ಪತ್ತಾರು ವರ್ಷ ಆ ಅಕ್ಷರಗಳನ್ನು ನಂಬಿ ಕೆಳಗಿಳಿದಿದ್ದ.

"ಅಂದ್ರೆ ಕಳ್ಳ ಸಹಿ ಹಾಕಿ ಹೋಗಿದಾನೆ," ಎಂದ ಟ್ರಾವಿಸ್.

ಎಚ್.ಎಸ್. ಯಾರೆಂದು ರೋವೆನಾಳಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗದವರಂತೆ ಇನ್ನೊಂದು ಕಡೆ ಹೋಗಿ ವಿಚಾರಿಸುವುದು ತನಿಖೆಯ ಕ್ರಮ ಎಂದು ತನಗೆ ತಾನೇ ಹೇಳಿಕೊಂಡಳು.

ಹನ್ನೊಂದೂವರೆಗೆ ಅವರು ಪೇಟೆಯ ವೈದ್ಯಕೀಯ ಸಾಮಗ್ರಿ ಅಂಗಡಿಗೆ ಹೋದರು. ಇತ್ತೀಚೆಗೆ ಯಾರ ಮನೆಯ ಆಮ್ಲಜನಕ ನಿಂತಿದೆ ಎಂದು ರೋವೆನಾ ಕೇಳಿದಳು. ಗಲ್ಲಾದ ಹೆಂಗಸು ಕಿಟಕಿಯತ್ತ ನೋಡುತ್ತಲೇ ಹೇಳಿದಳು. ಕಲ್ಲಿದ್ದಲ ಧೂಳಿನಿಂದ ಬರುವ ಕಪ್ಪು ಶ್ವಾಸಕೋಶ ರೋಗದ ಮೂವರು, ಮೂವರೂ ಟಾರ್ನ್ ರಿಜ್‌ನಲ್ಲಿ ದುಡಿದವರು. ಔಷಧ, ಆಮ್ಲಜನಕದ ಖರ್ಚನ್ನು ಕಂಪನಿಯ ಪರವಾಗಿ ವಿಮೆಯವರು ಕೊಡುತ್ತಿದ್ದರು. ಸೆಪ್ಟೆಂಬರಿನಲ್ಲಿ ವಿಮಾ ಕಂಪನಿ ದಿವಾಳಿಯಾಯಿತು. ಹಾಗಾದರೆ ಹೊಣೆ ಮಾಲೀಕನದೇ ಎಂದು ಕಾರ್ಮಿಕ ಇಲಾಖೆ ಹೇಳಿತು. ನಾವು ವಿಮೆ ಮಾಡಿಸಿದ್ದೆವು, ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಎಂದು ಕಂಪನಿ ಮೇಲ್ಮನವಿ ಹಾಕಿತು. ಅದು ತೀರುವವರೆಗೆ ಸರಕಾರದ ನಿಧಿಯಿಂದ ಕೊಡಬಹುದಂತೆ. ಅದಕ್ಕೆ ಹಾಕಿದ ಅರ್ಜಿ ಇನ್ನೂ ಯಾರ ಮೇಜಿಗೂ ತಲುಪಿಲ್ಲ. ಅಂಗಡಿಯ ಮುಖ್ಯ ಕಚೇರಿಯವರು ಆಮ್ಲಜನಕದ ಯಂತ್ರಗಳನ್ನು ವಾಪಸು ತರಿಸಿಕೊಂಡರು.

"ತಂದಿದ್ದು ಯಾರು?" ರೋವೆನಾ ಕೇಳಿದಳು.

"ನಾನೇ." ಹೆಂಗಸು ಗಲ್ಲಾದ ಮೇಲಿನ ಧೂಳು ಒರೆಸಿದಳು. "ಇಬ್ಬರನ್ನ ಮಕ್ಕಳು ಒಹಾಯೋಗೆ ಕರ್ಕೊಂಡು ಹೋದ್ರು. ಡೆನ್ಸಿಲ್ ಕಾಡಿಲ್ ಮಾತ್ರ ಇಲ್ಲೇ ಇದಾನೆ. ಯಂತ್ರ ಎತ್ಕೊಂಡು ಬರ್ತಿದ್ರೆ, ಮೆಟ್ಟಿಲು ಜಾರತ್ತೆ ಹುಷಾರು ಅಂದ ಅವನು."

ಡೆನ್ಸಿಲ್ ಕಾಡಿಲ್‌ಗೆ ನಲವತ್ತೆಂಟು ವರ್ಷ. ಅವನ ಮನೆಯಿರುವ ಕಣಿವೆಯಲ್ಲಿ ಮುಂದಿನ ಮನೆ ಹೋಬರ್ಟ್ ಸ್ಟಿಡಮ್‌ನದು. ಟಾರ್ನ್ ರಿಜ್‌ನಲ್ಲಿ ಮೂವತ್ತೊಂದು ವರ್ಷ ಫೈರ್ ಬಾಸ್ ಆಗಿದ್ದವನು, ಹೆಂಡತಿಯನ್ನು ಕಳೆದುಕೊಂಡ ಮುದುಕ. ಊರಿಗೆಲ್ಲ ಹೋಬರ್ಟ್ ಮಾಮ.

ಒಂದು ಗಂಟೆಗೆ ಜೀಪು ಕಣಿವೆ ಸೇರಿತು. ಹೋಬರ್ಟನ ಮನೆಗೆ ಬೀಗ ಹಾಕಿತ್ತು. ಅವನ ಪಿಕಪ್ ಗಾಡಿ ಡೆನ್ಸಿಲ್‌ನ ಅಂಗಳದಲ್ಲಿತ್ತು. ಗಾಡಿಯ ಹಿಂಬದಿಯಲ್ಲಿ ಸಲಾಕೆ ಮುಚ್ಚುಮರೆಯಿಲ್ಲದೆ ಬಿದ್ದಿತ್ತು.

ಡೆನ್ಸಿಲ್‌ನ ಹೆಂಡತಿ ವೋಂಡಾ ಬಾಗಿಲು ತೆರೆದಳು. ಅವಳ ಹಿಂದಿನಿಂದ ಬೀನ್ಸ್ ಕಾಳು ಬೇಯುವ ವಾಸನೆ ಬಂತು. ರೋವೆನಾಳ ಕಣ್ಣು ಮೊದಲು ಹೋದದ್ದು ಮಲಗುವ ಕೋಣೆಯ ಬಾಗಿಲುವಾಡಕ್ಕೆ. ಅಲ್ಲಿ ಒಂದರ ಕೆಳಗೊಂದು ಎಚ್.ಎಸ್., ತಾರೀಖು, ಹೊತ್ತು. ಶನಿವಾರ, ಭಾನುವಾರ, ಇವತ್ತು.

ಒಳಗೆ ಡೆನ್ಸಿಲ್ ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕೂತಿದ್ದ. ಮೂಗಿನಲ್ಲಿ ಕೊಳವೆ, ಪಕ್ಕದಲ್ಲಿ ಟಾರ್ನ್ ರಿಜ್ ಎಂದು ಬಣ್ಣದಲ್ಲಿ ಬರೆದ ಸಿಲಿಂಡರು. ಮೂಲೆಯಲ್ಲಿ ನಾಲ್ಕು ಖಾಲಿ, ಒಂದು ತುಂಬಿದ್ದು. ಹೋಬರ್ಟ್ ಕುರ್ಚಿಯಲ್ಲಿ ಕೂತು ಸಿಲಿಂಡರಿನ ಮುಳ್ಳಿನ ಮಾಪಕವನ್ನೇ ನೋಡುತ್ತಿದ್ದ. ತಲೆ ಎತ್ತಿ ಮೊದಲು ಟ್ರಾವಿಸನ ಬೂಟು ನೋಡಿದ.

"ಇಷ್ಟು ಹೊಳೆಯೋ ಬೂಟು ಹಾಕ್ಕೊಂಡು ಯಾರನ್ನ ಹಿಡೀತೀಯಪ್ಪ? ಒಂದು ಮೈಲಿಯಿಂದ ಕಾಣತ್ತೆ."

"ನಿಮ್ಮನ್ನ ಹಿಡಿಯಕ್ಕೆ ಬೂಟೇ ಬೇಕಾಗ್ಲಿಲ್ಲ ಮಾಮ," ಎಂದಳು ರೋವೆನಾ. "ರಕ್ಷಣಾ ಕೊಠಡಿ ಬಾಗಿಲುವಾಡದಲ್ಲಿ ಬರೆದಿದ್ದು ಯಾರು?"

ಮುದುಕನ ಮುಖದಲ್ಲಿ ನಿಜವಾದ ಅಚ್ಚರಿ ಕಂಡಿತು. ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಬೆರಳ ಸಂದಿಯಲ್ಲಿ ಬಿಳಿ ಇನ್ನೂ ಅಂಟಿತ್ತು.

"ಅಲ್ಲೂ ಬರೆದ್ನಾ?"

ಹಾಸಿಗೆಯಲ್ಲಿದ್ದವನ ಭುಜ ಅಲುಗಿತು. ನಗುತ್ತಿದ್ದಾನೆ ಎಂದು ತಿಳಿಯಲು ಟ್ರಾವಿಸನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಹೇಳಿದ್ದೆ... ಮಾಮ," ಎಂದ ಡೆನ್ಸಿಲ್. "ಕಳ್ಳತನ... ನಿನ್ನ ಕೈಲಿ... ಆಗಲ್ಲ ಅಂತ."

ಬೀಗ ಒಡೆದವರು ಯಾರು, ಜೊತೆಗೆ ಯಾರಿದ್ದರು ಎಂದು ರೋವೆನಾ ಕೇಳಿದಳು. ತಾನೊಬ್ಬನೇ, ಇವರಿಬ್ಬರಿಗೂ ಸಂಬಂಧವಿಲ್ಲ ಎಂದು ಹೋಬರ್ಟ್ ಒಪ್ಪಿಕೊಂಡ. ಟ್ರಾವಿಸ್ ಬರೆದುಕೊಂಡ. ಅಲ್ಲಿಯವರೆಗೆ ಎಲ್ಲವೂ ಸುಲಭವಾಗಿತ್ತು.

ಕಳುವಾದ ಮಾಲನ್ನು ಜಪ್ತಿ ಮಾಡಬೇಕಿತ್ತು. ಬಳಕೆಯಲ್ಲಿದ್ದ ಸಿಲಿಂಡರಿನಲ್ಲಿ ಸಂಜೆಯವರೆಗೆ ಸಾಕಾಗುವಷ್ಟಿತ್ತು, ತುಂಬಿದ್ದು ನಾಳೆಗೆ. ರೋವೆನಾ ಅಂಗಳಕ್ಕೆ ಹೋಗಿ ಶೆರಿಫ್‌ಗೆ ಫೋನು ಮಾಡಿದಳು. ಮಾಲು ಮಾಲೀಕನದು, ಅವನು ಒಪ್ಪಿದರೆ ಫೋಟೋ ತೆಗೆದು ಅಲ್ಲೇ ಬಿಡಬಹುದು ಎಂದರು ಶೆರಿಫ್. ಅವಳು ವಿಟ್‌ಗೆ ಫೋನು ಮಾಡಿದಳು.

"ಎರಡೇ ಎರಡು ಇಲ್ಲಿರ್ಲಿ ಅಂತ ಬಾಯಲ್ಲಿ ಹೇಳಿದ್ರೂ ಸಾಕು," ಎಂದಳು.

ವಕೀಲರನ್ನು ಕೇಳಿ ಹೇಳುತ್ತೇನೆ ಎಂದ ವಿಟ್. ಅವಳು ಬೇಲಿಯ ಪಕ್ಕ ನಿಂತು ಕಾದಳು. ಕಿಟಕಿಯಲ್ಲಿ ವೋಂಡಾಳ ಮುಖ ಕಾಣುತ್ತಿತ್ತು. ಅತ್ತ ನೋಡದಿರಲು ಅವಳು ಗುಡ್ಡ ನೋಡಿದಳು. ಇಪ್ಪತ್ತು ನಿಮಿಷದ ನಂತರ ಫೋನು ಬಂತು. ವಿಟ್‌ನ ದನಿ ತಗ್ಗಿತ್ತು.

"ಆಗಲ್ವಂತೆ. ನಾವಾಗೇ ಅವನಿಗೆ ಆಮ್ಲಜನಕ ಬಿಟ್ಟುಕೊಟ್ರೆ, ಕೊಡೋ ಹೊಣೆ ನಮ್ಮದೇ ಅಂತ ಒಪ್ಕೊಂಡ ಹಾಗಾಗತ್ತಂತೆ. ಮೇಲ್ಮನವಿಗೆ ಪೆಟ್ಟು ಬೀಳತ್ತಂತೆ."

"ನೀವೇನಂತೀರ?"

"ನನ್ನ ಕೇಳಿದ್ರೆ..." ಅವನು ನಿಲ್ಲಿಸಿದ. "ನನ್ನ ಯಾರೂ ಕೇಳಲ್ಲ ಮೇಡಂ."

ರೋವೆನಾ ಆಂಬುಲೆನ್ಸ್ ಕರೆಸಿದಳು. ಅವಳ ಕೈಯಲ್ಲಿ ಇದ್ದದ್ದು ಅಷ್ಟೇ. ಅದು ಬರುವವರೆಗೆ ಜಪ್ತಿ ಪಟ್ಟಿಯನ್ನು ಬೇಕೆಂದೇ ನಿಧಾನವಾಗಿ ಬರೆದಳು. ಅವಳು ನಿಧಾನಿಸುತ್ತಿರುವುದನ್ನು ತಿಳಿದ ವೋಂಡಾ ಕೇಳದೆಯೇ ಕಾಫಿ ತಂದಿಟ್ಟಳು. ಆಂಬುಲೆನ್ಸಿನವರು ತಮ್ಮ ಕೊಳವೆಯನ್ನು ಡೆನ್ಸಿಲ್‌ನ ಮೂಗಿಗೆ ಸಿಕ್ಕಿಸಿದ ಮೇಲೆ ಟ್ರಾವಿಸ್ ಕಂಪನಿಯ ಸಿಲಿಂಡರಿನ ತಿರುಪು ಮುಚ್ಚಿದ. ಸುಯ್ ಎಂಬ ಸದ್ದು ನಿಂತಿತು. ಡೆನ್ಸಿಲ್ ಆಂಬುಲೆನ್ಸಿಗೆ, ಸಿಲಿಂಡರುಗಳು ಜೀಪಿಗೆ ಹೋದ ಮೇಲೆ ಕೋಣೆ ಬರಿದಾಯಿತು.

"ಹೋಬರ್ಟ್ ಮಾಮ, ನಿಮ್ಮನ್ನ ಬಂಧಿಸಬೇಕು."

"ಗೊತ್ತಮ್ಮ. ಒಂದು ನಿಮಿಷ ಕೊಡು."

ಅವನು ಎದ್ದ. ಖಾಲಿ ಕೋಣೆಯ ನಾಲ್ಕು ಮೂಲೆ ನೋಡಿದ, ಹಾಸಿಗೆ ನೋಡಿದ, ಅಂಗಿಯ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಬಾಗಿಲುವಾಡದ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಅಪಾಯ' ಎಂದು ಬರೆದ. ಕೆಳಗೆ ಎಚ್.ಎಸ್., ತಾರೀಖು, ಹೊತ್ತು. ಆಮೇಲೆ ಸುಣ್ಣವನ್ನು ಟ್ರಾವಿಸನ ಕೈಗೆ ಕೊಟ್ಟು ತನ್ನ ಎರಡೂ ಕೈ ಮುಂದೆ ಚಾಚಿದ. ಟ್ರಾವಿಸ್ ಕೋಳ ಹಾಕಲಿಲ್ಲ. ಹಾಕು ಎಂದು ರೋವೆನಾಳೂ ಹೇಳಲಿಲ್ಲ.

ಸಂಜೆ ಐದಕ್ಕೆ ಹೇಳಿಕೆ ದಾಖಲಾಯಿತು. ಯಾಕೆ ಮಾಡಿದಿರಿ ಎಂಬ ಪ್ರಶ್ನೆ ಕೊನೆಯದು. ಹೋಬರ್ಟ್ ಬೆರಳ ಸಂದಿಯ ಸುಣ್ಣವನ್ನು ಉಜ್ಜಿಕೊಂಡ.

"ಡೆನ್ಸಿಲ್ ಹತ್ತೊಂಬತ್ತನೇ ವಯಸ್ಸಲ್ಲಿ ಇಳಿದ. ಅವನು ಇಳಿದ ಎಲ್ಲ ಕಡೆನೂ ಮೊದಲು ನಾನು ಹೋಗಿ, ಗಾಳಿ ಚೆನ್ನಾಗಿದೆ ಅಂತ ಬರೆದಿದ್ದೆ," ಎಂದ. "ಸುಳ್ಳು ಬರೀಲಿಲ್ಲಮ್ಮ. ಅನಿಲ ಇರ್ಲಿಲ್ಲ. ಧೂಳು ನೋಡು ಅಂತ ನನಗೆ ಯಾರೂ ಹೇಳಿರ್ಲಿಲ್ಲ."

ಅವಳು ಅದನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡಳು.

ಆಸ್ಪತ್ರೆಯವರು ಡೆನ್ಸಿಲ್‌ನನ್ನು ಗುರುವಾರ ಮನೆಗೆ ಕಳಿಸಿದರು. ಜೊತೆಗೆ ಒಂದು ಸಣ್ಣ ಸಿಲಿಂಡರು, ದಾರಿಯ ಮಟ್ಟಿಗೆ. ವೋಂಡಾಳ ಹೇಳಿಕೆಗಾಗಿ ಅಂಗಳದಲ್ಲಿ ಕಾಯುತ್ತಿದ್ದ ರೋವೆನಾ ಅವನನ್ನು ಗಾಡಿಯಿಂದ ಗಾಲಿಕುರ್ಚಿಗೆ ಇಳಿಸಲು ನೆರವಾದಳು. ಯಂತ್ರದ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದಳು. ಮೇಲ್ಮನವಿಯ ವಿಚಾರಣೆ ಮಾರ್ಚ್‌ಗಂತೆ ಎಂದಳು ವೋಂಡಾ.

ಮಲಗುವ ಕೋಣೆಯ ಬಾಗಿಲುವಾಡದ ಬರಹ ಹಾಗೇ ಇತ್ತು. ಗಣಿಯಲ್ಲಾಗಿದ್ದರೆ ಮಾಲೀಕ ಬಂದು ಸರಿಪಡಿಸುವವರೆಗೆ ಯಾರೂ ಅದನ್ನು ದಾಟುವಂತಿರಲಿಲ್ಲ. ಡೆನ್ಸಿಲ್ ಅದನ್ನು ನೋಡಿದ, ಅಭ್ಯಾಸಬಲದಿಂದ ಕೈಯೆತ್ತಿ ಗಾಲಿಕುರ್ಚಿ ನಿಲ್ಲಿಸಿದ. ಹೆಂಡತಿಯತ್ತ ತಿರುಗಿದ.

"ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ ನಿನ್ನ?" ಎಂದಳು ವೋಂಡಾ. ಆಮೇಲೆ ಕುರ್ಚಿಯನ್ನು ಒಳಗೆ ತಳ್ಳಿದಳು.