ಹೂವಿನವಳಿಗೆ ಬಂದ ಕಪ್ಪೆ

ಕನ್ನಡಕದ ಅಂಗಡಿಯವನು ಗಾಜಿನ ಪೆಟ್ಟಿಗೆಯೊಂದನ್ನು ತಂದು ಹೂವಿನ ಅಂಗಡಿಯ ಮೇಜಿನ ಮೇಲಿಟ್ಟ. ಒಳಗೆ ಎಲೆಗೆ ಅಂಟಿ ಕುಳಿತಿದ್ದ ಹಸಿರು ಮರಗಪ್ಪೆ ಹೂವಿನವಳನ್ನೇ ನೋಡುತ್ತಿತ್ತು. ಅವನು ಮಾತ್ರ ನೋಡುತ್ತಿರಲಿಲ್ಲ. ದಿನವಿಡೀ ಊರಿನವರ ಕಣ್ಣೊಳಗೆ ಇಣುಕುವ ಈ ಮಹಾಶಯನಿಗೆ ಎದುರಂಗಡಿಯವಳ ಕಣ್ಣೆಂದರೆ ಬೆವರು ಕಿತ್ತು ಬರುತ್ತಿತ್ತು.

"ನನಗಾ?" ಎಂದಳು.

"ಹೂವು ಮಾರೋರಿಗೆ ಹೂವು ಕೊಟ್ರೆ ನಗ್ತೀರೇನೋ ಅಂತ..." ಎಂದವನೇ ರಸ್ತೆ ದಾಟಿ ಪರಾರಿಯಾದ.

ಅವಳು ನಗಲಿಲ್ಲ. ಕಣ್ಣು ತುಂಬಿ ಬಂತು. ಊರಿನವರ ಪ್ರೀತಿಗೆಲ್ಲ ಬೊಕೆ ಕಟ್ಟಿ ಕಟ್ಟಿ ಅವಳ ಬೆರಳುಗಳು ಒರಟಾಗಿದ್ದವು. ಅವಳಿಗೆಂದು ಯಾರೂ ಏನೂ ತಂದಿರಲಿಲ್ಲ.

ಸಂಜೆ ಬಂದ ಅತ್ತಿಗೆ ಪೆಟ್ಟಿಗೆ ನೋಡಿ ಹಣೆ ಚಚ್ಚಿಕೊಂಡರು. ಅವರು ಪ್ರಾಣಿಗಳ ಡಾಕ್ಟರು.

"ಯಾವ ಪುಣ್ಯಾತ್ಮ ಕೊಟ್ಟಿದ್ದು? ಕಪ್ಪೆ ನೀರು ಕುಡಿಯೋದೇ ಚರ್ಮದಿಂದ ಕಣೇ. ನಿನ್ನ ಹೂವಿಗೆ ಹೊಡೆದ ಔಷಧಿ ನಿನ್ನ ಕೈಯಿಂದ ಸೀದಾ ಅದರ ಮೈಯೊಳಗೆ. ನಾಲ್ಕು ದಿನ ಬದುಕಿದ್ರೆ ಹೆಚ್ಚು. ಜೀವಂತ ಹುಳ ಬೇರೆ ಹುಡುಕಿ ತಿನ್ನಿಸ್ಬೇಕು. ಗಿಫ್ಟ್ ಕೊಡೋ ವಸ್ತುನಾ ಇದು?"

"ಪ್ರೀತಿಯಿಂದ ಕೊಟ್ಟಿದ್ದು ಅತ್ತಿಗೆ."

"ಪ್ರೀತಿ ನಿನ್ನ ಹತ್ರ ಇರ್ಲಿ, ಕಪ್ಪೆ ನನಗೆ ಕೊಡು. ಇವನ್ನ ಸಾಕಿ ಪಳಗಿದವರೊಬ್ರು ನಂಗೆ ಗೊತ್ತು."

ಅತ್ತಿಗೆಯ ಡಬ್ಬಿಯಲ್ಲಿ ಕಪ್ಪೆ ಹೋಯಿತು, ಪೆಟ್ಟಿಗೆ ಉಳಿಯಿತು. ಅವನಿಗೆ ಏನೆಂದು ಹೇಳುವುದು? ಮನಸ್ಸು ತಕ್ಕಡಿಯಲ್ಲಿ ಕಪ್ಪೆ ಹಾಕಿದಂತಾಯಿತು. ಒಂದು ಮಾತು ಕೂತರೆ ಇನ್ನೊಂದು ನೆಗೆಯುತ್ತಿತ್ತು. ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ತಾನೇ ರಸ್ತೆ ದಾಟಿದಳು.

ಖಾಲಿ ಪೆಟ್ಟಿಗೆ ಕಂಡದ್ದೇ ಅವನ ಮುಖ ಬಾಡಿತು.

"ಗೊತ್ತಾಯ್ತು ಬಿಡಿ. ಬಲವಂತ ಏನಿಲ್ಲ. ಇನ್ಮೇಲೆ ತೊಂದರೆ ಕೊಡಲ್ಲ," ಎಂದು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.

ಈಗ ಬಾಯಿ ಬಿಡದಿದ್ದರೆ ಈ ಮನುಷ್ಯ ಇನ್ನು ತನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳಿಗೆ ಖಚಿತವಾಯಿತು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಹೋಗಿ ಕೂತೇಬಿಟ್ಟಳು.

"ನನ್ನ ಹೂವಿನ ಔಷಧಿಗೆ ಅದು ಸತ್ತೇ ಹೋಗ್ತಿತ್ತು. ಅತ್ತಿಗೆ ಒಳ್ಳೆ ಜಾಗಕ್ಕೆ ಸೇರಿಸ್ತಿದಾರೆ."

"ಅಯ್ಯೋ! ನಂಗೆ ಗೊತ್ತೇ ಇರ್ಲಿಲ್ಲ..."

"ಪೂರ್ತಿ ಕೇಳಿ. ನಿನ್ನೆ ಖುಷಿಗೆ ನಂಗೆ ಊಟಾನೇ ಸೇರ್ಲಿಲ್ಲ. ನಂಗೋಸ್ಕರ ಒಬ್ರು ಕೂತು ಯೋಚನೆ ಮಾಡಿ ಏನಾದ್ರೂ ತಂದಿದ್ದು ಇದೇ ಮೊದಲು. ಆ ಋಣ ನಾನು ಮರೆಯಲ್ಲ."

"ಮತ್ತೆ... ಬೇಡ ಅಂತ ಪೆಟ್ಟಿಗೆ ವಾಪಸ್ ತಂದ್ರಲ್ಲ?"

"ಕಪ್ಪೆ ಬೇಡ ಅಂದೆ. ನೀವು ಬೇಡ ಅಂದ್ನಾ?"

ಅವನ ಕೈಯ ಬಟ್ಟೆ ಜಾರಿ ಬಿತ್ತು. ಮೊದಲ ಸಲ ನೆಟ್ಟಗೆ ಅವಳ ಕಣ್ಣು ನೋಡಿದ; ನೋಡುತ್ತಲೇ ಉಳಿದ. ಕೊನೆಗೆ ಅವಳೇ ನಾಚಿ ರೆಪ್ಪೆ ಇಳಿಸಬೇಕಾಯಿತು.

"ಹಾಗಾದ್ರೆ ನಾಳೆ ಏನು ತರ್ಲಿ?"

"ಏನೂ ಬೇಡ. ಕೈ ಬೀಸ್ಕೊಂಡು ಬನ್ನಿ."