ಬ್ಲಾಗಿಗೆ ಒಬ್ಬನೇ ಓದುಗ

"ನಿಮ್ಮ ಬ್ಲಾಗು ಹೊರಗೆ ಹೋಗ್ತಾ ಇಲ್ಲ. ನಾನೇ ತಡೆದಿದ್ದೀನಿ," ಅಂದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಫಿಟ್ಟರ್. ಯಾರದೋ ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುತ್ತಿದ್ದ.

"ಯಾವ ಬ್ಲಾಗು?"

"ಬಾತ್‌ರೂಮಲ್ಲಿ ಕೂತು ಬರೀತೀರಲ್ಲ, ಅದು."

ಯಾರಾದರೂ ಕೇಳಿಸಿಕೊಂಡರಾ ಎಂದು ಹಿಂದಿನ ಮೆಟ್ಟಿಲ ಕಡೆ ನೋಡಿದೆ.

ಕನ್ನಡಕದ ಅಂಗಡಿ ಭಾವನದು. ಅದರ ಮೇಲಿನ ಮನೆಯೂ ಭಾವನದು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಅಲ್ಲಿಟ್ಟುಕೊಂಡು ಸಾಕಿದವಳು ಅಕ್ಕ. ಈಗ ಭಾವನ ತಮ್ಮನಿಗೇ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಕೊಡುವುದೆಂದರೇನು, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಸರಿಸುವುದು. ಹುಡುಗ ಕೆಟ್ಟವನಲ್ಲ. ಬೇಡ ಎನ್ನಲು ಅವನಲ್ಲಿ ಒಂದು ದುರ್ಗುಣವಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಮನೆ ಬಿಟ್ಟು ಹೋಗೋ ಗೋಳೇ ಇಲ್ಲ ಕಣೇ," ಎಂದು ಅಕ್ಕ ಹಿಗ್ಗಿದ್ದಳು. "ಬೀರು ಕೂಡ ಅಲುಗಾಡಿಸ್ಬೇಕಾಗಿಲ್ಲ."

ಅವತ್ತೇ ಬ್ಲಾಗ್ ಶುರುಮಾಡಿದೆ. ತಲೆಯೊಳಗಿನ ಗಿಜಿಗಿಜಿಯನ್ನು ಎಲ್ಲಾದರೂ ಇಳಿಸಬೇಕಿತ್ತು. ಮನೆಯಲ್ಲಿ ಚಿಲಕವಿರುವ ಜಾಗ ಬಾತ್‌ರೂಮ್ ಒಂದೇ. ನಲ್ಲಿ ಬಿಟ್ಟು, ಬಕೆಟ್ ಬೋರಲು ಹಾಕಿ ಕೂತು ಫೋನಿನಲ್ಲಿ ಬರೆಯುತ್ತಿದ್ದೆ. ನನ್ನ ಹೆಸರು ಹಾಕುತ್ತಿರಲಿಲ್ಲ. ಬರೆದು ಹೊರಗೆ ಬಂದರೆ ನಾನು ಏನು ಯೋಚಿಸುತ್ತಿದ್ದೇನೆಂದು ನನಗೇ ತಿಳಿದಿರುತ್ತಿತ್ತು.

ತಿಳಿಯದೆ ಹೋದದ್ದು ಒಂದೇ: ನನ್ನ ಫೋನಿನಲ್ಲಿದ್ದದ್ದು ಅಂಗಡಿಯ ಇಮೇಲ್ ಖಾತೆ. ಹೊಸ ಬ್ಲಾಗ್ ಎಂದು ನಾನು ತೆರೆದದ್ದು ಅಂಗಡಿಯ ವೆಬ್‌ಸೈಟಿನ ಪುಟ. ಅಲ್ಲಿ ಹಾಕಿದ್ದೆಲ್ಲ ಗಿರಾಕಿಗಳ ಇಮೇಲಿಗೆ ಹೋಗುತ್ತದೆ. ಹಿಂದೊಮ್ಮೆ ಭಾವ ತನ್ನ ಸೊಂಟದ ಎಕ್ಸ್‌ರೇಯನ್ನು ಎಲ್ಲ ಗಿರಾಕಿಗಳಿಗೂ ಕಳಿಸಿ ಮಾನ ಕಳೆದುಕೊಂಡಿದ್ದ. ಅಂದಿನಿಂದ ಯಾವುದೇ ಬರಹವನ್ನು ಮೊದಲು ಫಿಟ್ಟರ್ ನೋಡಿ ಒಪ್ಪಬೇಕಿತ್ತು.

"ಎಲ್ಲಾ ಓದಿದ್ರಾ?"

"ಮೊದಲನೇದು ಕೆಲಸ ಅಂತ ಓದಿದೆ." ಒರೆಸಿದ ಗಾಜನ್ನೇ ಮತ್ತೆ ಒರೆಸಿದ. "ಆಮೇಲೆ ಕಾಯ್ತಾ ಇದ್ದೆ."

"ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಹೇಳ್ತಿರೋದು."

"ಸ್ಕೇಲಿಂದೂ ಓದಿದ್ರಾ?"

"ಅದನ್ನ ತುಂಬಾ ಸಲ ಓದಿದೆ."

ಕೌಂಟರಿನಲ್ಲಿ ನಿಲ್ಲುವವಳ ಮುಖದ ಮೇಲೂ ಕನ್ನಡಕವಿದ್ದರೆ ವ್ಯಾಪಾರಕ್ಕೆ ಚೆಂದ ಎಂದು ಭಾವ ನನಗೊಂದು ಪವರ್ ಇಲ್ಲದ ಕನ್ನಡಕ ಮಾಡಿಸಿದ್ದ. ಆಗ ಫಿಟ್ಟರ್ ಎದುರಿಗೆ ಕೂತು, ಕಣ್ಣುಗುಡ್ಡೆಗಳ ನಡುವಿನ ಅಂತರ ಅಳೆಯಲು ನನ್ನ ಮೂಗಿನ ಮೇಲೆ ಸ್ಕೇಲ್ ಇಟ್ಟಿದ್ದ. "ನನ್ನ ಎಡಗಣ್ಣು ನೋಡಿ. ಈಗ ಬಲಗಣ್ಣು." ಗಿರಾಕಿಗಳಿಗೆ ದಿನಾ ಹೇಳುವ ಮಾತೇ. ಅವನ ರೆಪ್ಪೆಗೆ ಲೆನ್ಸ್ ಅರೆದ ಬಿಳಿಪುಡಿ ಅಂಟಿತ್ತು. ನಾನು ಬಲಗಣ್ಣನ್ನು ಬಿಡಲಿಲ್ಲ, ಅವನು ಸ್ಕೇಲ್ ತೆಗೆಯಲಿಲ್ಲ. "ಇಷ್ಟೊತ್ತು ಅಳೆಯೋಕೆ ಅದೇನು ಹೊಲಾನಾ?" ಎಂದು ಭಾವ ಕೂಗಿದ ಮೇಲೇ ಇಬ್ಬರೂ ಬೆಚ್ಚಿದ್ದು.

"ಒಂದು ಹೇಳ್ಲಾ?" ಅಂದ ಈಗ. "ಪವರ್ ಇಲ್ಲದ ಗಾಜಿಗೆ ಆ ಅಳತೆ ಬೇಕೇ ಆಗಿರ್ಲಿಲ್ಲ."

ಸಿಟ್ಟು ಬರಬೇಕಿತ್ತು. ನಗು ಬಂತು.

"ನಾನು ಬೇರೆ ಕಡೆ ಕೆಲಸ ಕೇಳಿದ್ದೀನಿ. ನನ್ನ ಜೊತೆ ಬರ್ತೀರಾ?"

"ಈ ಮನೆಯಿಂದ ನಿಮ್ಮ ಮನೆಗಾ? ಅದೂ ಇನ್ನೊಂದು ಕೋಣೆ ತಾನೇ?"

ಇರಬಹುದು ಎಂಬಂತೆ ಅವನು ತಲೆಯಾಡಿಸಿದ. ಅದು ನನಗೆ ಹಿಡಿಸಿತು. ಬೇರೆ ಯಾರಾಗಿದ್ದರೂ ಅಲ್ಲ ಎಂದು ಆಣೆ ಹಾಕುತ್ತಿದ್ದರು.

"ನೀವು ಬರೆದಿದ್ದನ್ನ ಎಲ್ಲರಿಗೂ ಕಳಿಸಿಬಿಡ್ಲಾ? ನಿಮ್ಮಕ್ಕಂಗೂ ಗೊತ್ತಾಗುತ್ತೆ."

"ಬೇಡ. ಊರವರ ಬಾಯಲ್ಲಿ ಅವಳು ಕೇಳೋದು ಬೇಡ."

ಹಿಂದಿನ ಮೆಟ್ಟಿಲಿಳಿದು ಅಕ್ಕ ಬಂದಳು. ಮುಖವೆಲ್ಲ ಸಂಭ್ರಮ. "ಬಾರೇ ಮೇಲೆ. ದಿನ ಗೊತ್ತು ಮಾಡ್ತಿದಾರೆ. ನಿನ್ನೂ ಒಂದ್ಮಾತು ಕೇಳ್ಬೇಕಂತೆ ನಿಮ್ಮ ಭಾವ."

"ನಂಗೆ ಈ ಮದುವೆ ಬೇಡ ಅಕ್ಕಾ."

ಎಷ್ಟೋ ಸಲ ಬರೆದ ವಾಕ್ಯ. ಬಾಯಲ್ಲಿ ಅದು ಒಣಗಿಕೊಂಡು, ಚಿಕ್ಕದಾಗಿ ಬಂತು.

ಅಕ್ಕ ಫಿಟ್ಟರ್ ಕಡೆ ನೋಡಿದಳು. "ಇವನಾ?"

"ಇವರಿಗೂ ನಾನಿನ್ನೂ ಏನೂ ಹೇಳಿಲ್ಲ. ಇವರಿಲ್ದಿದ್ರೂ ನಂಗೆ ಬೇಡ."

ಅಕ್ಕ ಗಿರಾಕಿಗಳ ಕುರ್ಚಿಯಲ್ಲಿ ಕುಸಿದಳು. "ನನ್ನ ಸಂಸಾರ ಇದೇ ಮನೇಲಿ ನಡೀಬೇಕಲ್ಲೇ," ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಎದ್ದು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ಮೇಲೆ ಕುರ್ಚಿ ಸರಿದ ಸದ್ದಾಯಿತು. ಭಾವನ ದನಿ ಏರಿತು.

ಫಿಟ್ಟರ್ ಕೌಂಟರ್ ಸುತ್ತಿ ನನ್ನ ಪಕ್ಕ ಬಂದು ನಿಂತ.

"ನಿಮ್ಮ ಕೆಲಸ ಹೋಗುತ್ತೆ," ಅಂದೆ.

"ಹೋಗ್ಲಿ."

"ಪಕ್ಕ ನಿಲ್ಬೇಡಿ. ನಿಮ್ಮಿಂದ ಅಂದ್ಕೋತಾರೆ. ಇದು ನಂದೇ ಮಾತಾಗಿರ್ಬೇಕು."

"ಮತ್ತೆ ಎಲ್ಲಿ ನಿಲ್ಲಲಿ?"

"ಹತ್ರದಲ್ಲೇ. ಎಲ್ಲಾದ್ರೂ, ಹತ್ರದಲ್ಲೇ."

ಅವನ ಕಿವಿ ಕೆಂಪಾಯಿತು. ಬೀದಿ ಬಾಗಿಲ ಬಳಿ ಹೋದ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಬಾಗಿಲದು. ಅದನ್ನು ಪೂರಾ ತೆಗೆದು, ಕಾಲು ಅಡ್ಡಕೊಟ್ಟು ನಿಂತ. ಬೀದಿಯ ಗದ್ದಲ, ಬಿಸಿಲು ಎಲ್ಲ ಒಳಗೆ ನುಗ್ಗಿದವು.

ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಕೇಳಿಸಿತು. ನಾನು ಆ ಕಡೆ ತಿರುಗಿ ನಿಂತೆ.